ಓದಲು ಒದ್ದಾಡುವ ಮಕ್ಕಳು: ಭಾನುವಾರದ ಪ್ರಶ್ನೋತ್ತರ

ಗ್ರೂಪ್ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ 7ರವರೆಗೆ ಮೇಡಂ ನಮ್ಮ ಜೊತೆ ಇರುತ್ತಾರೆ. ಧಾರವಾಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಡಿಸ್ಲೆಕ್ಸಿಯಾ (ಬುದ್ಧಿ ಇದ್ದರೂ ಓದು ಹತ್ತದ ತೊಂದರೆ), ಲೆಕ್ಕದ ತೊಂದರೆ, ಬರವಣಿಗೆಯ ತೊಂದರೆ ಇರುವ ಮಕ್ಕಳನ್ನು ನೋಡುತ್ತಾರೆ. ಪಾಲಕರು, ಶಿಕ್ಷಕರು ಕೇಳಬಹುದು. ಮಗುವಿನ ಹೆಸರು, ಶಾಲೆಯ ಹೆಸರು ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಕುಂದಗೋಳದ ತಾಯಿ: ನಮಸ್ತೆ ಮೇಡಂ. ಮಗ 1ನೇ ತರಗತಿ, ಇಂಗ್ಲಿಷ್ ಮೀಡಿಯಂ. ಬಿ ಮತ್ತು ಡಿ ಉಲ್ಟಾ ಬರೆಯುತ್ತಾನೆ. ಡಿಸ್ಲೆಕ್ಸಿಯಾ ಇರಬಹುದಾ?

ಮೇಡಂ: ನಮಸ್ತೆ. 6 ವರ್ಷದ ಮಕ್ಕಳು ಉಲ್ಟಾ ಬರೆಯುವುದು ಸಾಮಾನ್ಯ. ಅದೊಂದನ್ನೇ ನೋಡಿ ಏನೂ ಹೇಳಲು ಬರುವುದಿಲ್ಲ. ಪ್ರಾಸದ ಪದ ಹಿಡಿಯುತ್ತಾನಾ, ಪದದ ಮೊದಲ ಸದ್ದು ಹೇಳುತ್ತಾನಾ ಅಂತ ಗಮನಿಸಿ. 2ನೇ ತರಗತಿ ಮುಗಿಯುವಾಗಲೂ ಅಕ್ಷರ ಕೂಡಿಸಲು ಒದ್ದಾಡುತ್ತಿದ್ದರೆ ತೋರಿಸಿ.

ಹಳೇ ಹುಬ್ಬಳ್ಳಿಯ ತಂದೆ: ಇದಕ್ಕೆ ಗುಳಿಗೆ ಏನಾದರೂ ಇದೆಯಾ ಮೇಡಂ?

ಮೇಡಂ: ಡಿಸ್ಲೆಕ್ಸಿಯಾಕ್ಕೆ ಔಷಧಿ ಇಲ್ಲ. ಬೇರೆ ರೀತಿಯಲ್ಲಿ ಕಲಿಸಬೇಕು.

ಗದಗದ ತಾಯಿ: ಮೇಡಂ, ನನ್ನ ಮಗ 4ನೇ ತರಗತಿ, ಕನ್ನಡ ಮಾಧ್ಯಮ. ಪಾಠ ಗಡಗಡ ಓದುತ್ತಿದ್ದ, ನಾನು ಖುಷಿಯಾಗಿದ್ದೆ. ಮೊನ್ನೆ ಓದುತ್ತಿರುವಾಗ ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ಅವನು ನಿಲ್ಲಲೇ ಇಲ್ಲ. ಹಿಂದಿನ ಪುಟದ ಮಾತನ್ನೇ ಹೇಳುತ್ತಾ ಹೋದ. ಬೆರಳು ಮಾತ್ರ ಹೊಸ ಪುಟದ ಸಾಲಿನ ಮೇಲೆ ಸರಿಯುತ್ತಿತ್ತು. ನನಗೆ ಎದೆ ಧಸಕ್ ಅಂತು. ಉಕ್ತಲೇಖನದಲ್ಲಿ ದಿನಾ ಸೊನ್ನೆ. ಬಾಯಲ್ಲಿ ಕೇಳಿದರೆ ಎಲ್ಲ ಉತ್ತರ ಹೇಳುತ್ತಾನೆ. ಬೆಳಿಗ್ಗೆ ಪಾಟಿಚೀಲ ಹಾಕಿಕೊಳ್ಳುವ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. ಭಾನುವಾರ ಬರುವುದಿಲ್ಲ. ಸರ್ ಹೊಡೆಯುತ್ತಾರಂತೆ. ಏನು ಮಾಡಲಿ?

ಮೇಡಂ: ಅಕ್ಕಾ, ಇದನ್ನು ನೀವು ಗಮನಿಸಿದ್ದೇ ದೊಡ್ಡ ವಿಷಯ. ನಿಮ್ಮ ಮಗ ಪುಸ್ತಕವನ್ನೇ ಬಾಯಿಪಾಠ ಮಾಡಿಕೊಂಡು ಮೂರು ವರ್ಷ ದಾಟಿಸಿದ್ದಾನೆ. ಅದು ದಡ್ಡ ಮಗು ಮಾಡುವ ಕೆಲಸ ಅಲ್ಲ. ಎಷ್ಟು ಹೆದರಿಕೆ ಇದ್ದರೆ ಒಂದು ಮಗು ಅಷ್ಟು ಕಷ್ಟಪಡುತ್ತದೆ ಯೋಚಿಸಿ.

ಇವತ್ತು ರಾತ್ರಿ ಊಟ ಆದ ಮೇಲೆ ಆಟದ ಹಾಗೆ ಹತ್ತು ನಿಮಿಷ ನೋಡಿ. ಅರ್ಥವಿಲ್ಲದ ಪದ ಬರೆದು ಕೊಡಿ: ಲಪಟಿ, ಮುಗಸೆ, ನಬಿಕು. ಇವನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ನಿಜವಾಗಿ ಓದಲು ಬರುತ್ತದೋ ಇಲ್ಲವೋ ಇಲ್ಲಿ ತಿಳಿಯುತ್ತದೆ. ಆಮೇಲೆ ಪುಸ್ತಕ ಮುಚ್ಚಿ ಬರೀ ಬಾಯಲ್ಲಿ ಕೇಳಿ. "ಅರಮನೆ"ಯಲ್ಲಿ "ಅರ" ತೆಗೆದರೆ ಏನು ಉಳಿಯುತ್ತದೆ? "ನವಿಲು" ಅನ್ನುವಾಗ ಎಷ್ಟು ಸಲ ಬಾಯಿ ತೆರೆಯಿತು? ಒಂದೊಂದಕ್ಕೆ ಒಂದು ಹುಣಸೆ ಬೀಜ ಇಡಲಿ. ಇಲ್ಲಿ ತಡವರಿಸಿದರೆ ತೊಂದರೆ ಕಣ್ಣಿನಲ್ಲಿ ಅಲ್ಲ, ಸದ್ದನ್ನು ಬಿಡಿಸಿ ಹಿಡಿಯುವುದರಲ್ಲಿ ಇದೆ. ಡಿಸ್ಲೆಕ್ಸಿಯಾದ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. ಕಾಗುಣಿತದ ಬಳ್ಳಿ ಬಂತು ಅಂದರೆ ಓದು ಬಂತು ಅಂತ ನಾವು ತಿಳಿಯುತ್ತೇವೆ. "ಶಕ್ತಿ" ಬರೆದು ನೋಡಿ. ಇಕಾರದ ಗುಡಿಸು ಕ ಮೇಲೆ ಕೂತಿದೆ, ಆದರೆ ಸದ್ದು ತ ಆದ ಮೇಲೆ ಬರುತ್ತದೆ. "ಸೂರ್ಯ"ದಲ್ಲಿ ರ ಮೊದಲು ಕೇಳುತ್ತದೆ, ಅರ್ಕಾವತ್ತು ಯ ಆದ ಮೇಲೆ ಬರುತ್ತದೆ. ಉಳಿದ ಮಕ್ಕಳು ಇದನ್ನು ಹೇಗೋ ತಾವೇ ಹಿಡಿಯುತ್ತಾರೆ. ಇಂಥ ಮಗುವಿಗೆ ಒಂದೊಂದನ್ನೂ ಬಿಡಿಸಿ ಹೇಳಬೇಕು.

ಮನೆಯಲ್ಲಿ ದಿನಾ 15 ನಿಮಿಷ ಸಾಕು. ಪರಾತದಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರವಿ. ಬೆರಳಿನಿಂದ ಅಕ್ಷರ ತಿದ್ದಲಿ, ತಿದ್ದುವಾಗಲೇ ಸದ್ದು ಜೋರಾಗಿ ಹೇಳಲಿ. ಕೈ, ಕಣ್ಣು, ಕಿವಿ, ಬಾಯಿ ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ವಾರಕ್ಕೆ ಎರಡೇ ಒತ್ತಕ್ಷರ. ಶಾಲೆಯ ಪಾಠ ಬೇಡ, ಅದು ಅವನಿಗೆ ಬಾಯಿಪಾಠ ಬಂದಿದೆ. ಹೊಸ ಸಣ್ಣ ವಾಕ್ಯ ನೀವೇ ಬರೆಯಿರಿ.

ಹೊಟ್ಟೆನೋವು ಸುಳ್ಳಲ್ಲ. ಹೆದರಿದ ಮಗುವಿಗೆ ನಿಜವಾಗಿಯೂ ನೋಯುತ್ತದೆ. ಬೈಯಬೇಡಿ. ಮುಖ್ಯ ಗುರುಗಳನ್ನು ನೀವೇ ಭೇಟಿಯಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಅವಮಾನ ಮಾಡುವಂತಿಲ್ಲ. ಮೊದಲು ಸಮಾಧಾನದಿಂದ ಕೇಳಿಕೊಳ್ಳಿ: ಎಲ್ಲರ ಮುಂದೆ ಎಬ್ಬಿಸಿ ಓದಿಸಬೇಡಿ, ಪ್ರಶ್ನೆಯನ್ನು ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ, ಹಲಗೆ ನೋಡಿ ಬರೆಯುವುದು ಕಡಿಮೆ ಮಾಡಿ.

ಕಿವಿ ಮತ್ತು ಕಣ್ಣಿನ ಪರೀಕ್ಷೆ ಮೊದಲು ಆಗಲಿ. ಆಮೇಲೆ ಧಾರವಾಡದ ಡಿಮ್ಹಾನ್ಸ್‌ಗೆ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಕರೆತನ್ನಿ. ಈ ಸಲದ ನೋಟ್‌ಬುಕ್ ತನ್ನಿ, ಹಳೆಯದಿದ್ದರೆ ಅದನ್ನೂ ತನ್ನಿ.

ಗದಗದ ತಾಯಿ: ಡಿಮ್ಹಾನ್ಸ್ ಅಂದರೆ ನಮ್ಮ ಅತ್ತೆಯವರು ಹುಚ್ಚರ ಆಸ್ಪತ್ರೆ ಅಂತಾರೆ ಮೇಡಂ. ಮನೆಯಲ್ಲಿ ಜಗಳ ಆಗುತ್ತದೆ.

ಮೇಡಂ: ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಹೊರಗೆ ಬೆಂಚಿನ ಮೇಲೆ ಎಷ್ಟು ಮಕ್ಕಳು ಕೂತಿರುತ್ತಾರೆ ಅಂತ ಅವರೇ ನೋಡಲಿ.

ಹಾನಗಲ್‌ನ ಸದಸ್ಯ: ಬಂದ ಮೆಸೇಜ್ ಹಂಚುತ್ತಿದ್ದೇನೆ. ಬ್ರಾಹ್ಮಿ ರಸ, ನೆನೆಸಿದ ಬಾದಾಮಿ 7, ಜೇನುತುಪ್ಪ, ಚಿಟಿಕೆ ಭಸ್ಮ. 40 ದಿನ ಕೊಟ್ಟರೆ ಓದು ತಾನಾಗಿ ಬರುತ್ತದೆ. ನೂರಾರು ಮಕ್ಕಳಿಗೆ ಗುಣವಾಗಿದೆ.

ಮೇಡಂ: ಬಾದಾಮಿ ತಿನ್ನಲಿ, ಒಳ್ಳೆಯದು. ಓದು ಬರುವುದಿಲ್ಲ. ಯಾವುದು ಅಂತ ಗೊತ್ತಿಲ್ಲದ ಭಸ್ಮ ಮಾತ್ರ ದಯವಿಟ್ಟು ಕೊಡಬೇಡಿ. ಇಂಥ ಕೆಲವು ಔಷಧಿಗಳಲ್ಲಿ ಸೀಸ ಸಿಕ್ಕಿದೆ. ಸೀಸ ಮಗುವಿನ ಮೆದುಳನ್ನೇ ಹಾಳು ಮಾಡುತ್ತದೆ. ಫಾರ್ವರ್ಡ್ ಬೇಡ ಅಂತ ಮೇಲೆಯೇ ಹೇಳಿದ್ದಾರೆ.

ವಿದ್ಯಾನಗರದ ತಾಯಿ: ಬಣ್ಣದ ಕನ್ನಡಕ ಹಾಕಿದರೆ ಅಕ್ಷರ ಅಲುಗಾಡುವುದಿಲ್ಲ ಅಂತಾರಲ್ಲ? ಮತ್ತೆ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೈನ್ ಆಕ್ಟಿವೇಶನ್ ಕ್ಲಾಸ್?

ಮೇಡಂ: ಬಣ್ಣದ ಕನ್ನಡಕದಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೆರಿಕದ ಮಕ್ಕಳ ವೈದ್ಯರು, ಕಣ್ಣಿನ ವೈದ್ಯರು ಸೇರಿ 2009ರಲ್ಲೇ ಇದನ್ನು ಹೇಳಿದ್ದಾರೆ. ಮಿಡ್‌ಬ್ರೈನ್ ಶುದ್ಧ ಮೋಸ. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಮೂಗಿನ ಸಂದಿಯಿಂದ ನೋಡುತ್ತದೆ. ದುಡ್ಡು ಕೊಡಬೇಡಿ.

ರಾಣೆಬೆನ್ನೂರಿನ ನಿವೃತ್ತ ಶಿಕ್ಷಕರು: ಕ್ಷಮಿಸಿ, ಒಂದು ಮಾತು. 34 ವರ್ಷ ಪಾಠ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಈ ರೋಗ ಇರಲಿಲ್ಲ. ಇದೆಲ್ಲ ಇಂಗ್ಲಿಷ್ ಮೀಡಿಯಂ ಬಂದ ಮೇಲೆ ಶುರುವಾಗಿದ್ದು. ಕನ್ನಡ ಓದಿದ ಹಾಗೆ ಬರೆಯುವ ಭಾಷೆ. ಎರಡು ಏಟು ಬಿದ್ದರೆ ಎಲ್ಲ ಸರಿಹೋಗುತ್ತಿತ್ತು.

ವಿದ್ಯಾನಗರದ ತಾಯಿ: ಸರ್, ಏಟು ತಿಂದ ಎಷ್ಟು ಮಕ್ಕಳು 4ನೇ ತರಗತಿಗೇ ಶಾಲೆ ಬಿಟ್ಟು ದನ ಕಾಯಲು ಹೋದರು, ಲೆಕ್ಕ ಇಟ್ಟಿದ್ದೀರಾ?

ನಿವೃತ್ತ ಶಿಕ್ಷಕರು: ತಂಗಿ, ನನ್ನ ಕೈಲಿ ಕಲಿತವರು ಇವತ್ತು ಇಂಜಿನಿಯರ್ ಆಗಿದ್ದಾರೆ.

ವಿದ್ಯಾನಗರದ ತಾಯಿ: ಆದವರನ್ನು ನೀವು ನೆನಪಿಟ್ಟಿದ್ದೀರಿ ಸರ್. ಆಗದವರ ತಾಯಂದಿರು ನಾವು.

ನವಲಗುಂದದ ಶಿಕ್ಷಕಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ನನ್ನ ತರಗತಿಯಲ್ಲಿ 46 ಮಕ್ಕಳು. ಬಿಸಿಯೂಟ, ಸಮೀಕ್ಷೆ, ತರಬೇತಿ ಎಲ್ಲ ಮುಗಿಸಿ ಪಾಠ. ಒಂದು ಮಗುವಿಗೆ 15 ನಿಮಿಷ ಎಲ್ಲಿಂದ ತರಲಿ? ಎಲ್ಲ ತಪ್ಪು ಶಿಕ್ಷಕರದ್ದೇನಾ?

ವಿದ್ಯಾನಗರದ ತಾಯಿ: ಸಮಯ ಇಲ್ಲ ಅಂತ ಹೇಳಿ, ಒಪ್ಪುತ್ತೇವೆ. "ನಿನ್ನ ತಲೆಯಲ್ಲಿ ಸಗಣಿ ಇದೆ" ಅಂತ ನನ್ನ ಮಗಳಿಗೆ ಹೇಳಿದರಲ್ಲ, ಅದಕ್ಕೆ ಎಷ್ಟು ನಿಮಿಷ ಬೇಕಾಯಿತು?

ನವಲಗುಂದದ ಶಿಕ್ಷಕಿ: ನಾನು ಹಾಗೆ ಯಾವ ಮಗುವಿಗೂ ಹೇಳಿಲ್ಲ. ಯಾರೋ ಮಾಡಿದ್ದಕ್ಕೆ ನನಗೆ ಯಾಕೆ ಕೇಳುತ್ತೀರಿ?

ಮೇಡಂ: ಸರ್, ಡಿಸ್ಲೆಕ್ಸಿಯಾ ಎಲ್ಲ ಭಾಷೆಯಲ್ಲೂ ಇದೆ. ಕನ್ನಡದಲ್ಲಿ ಇಂಥ ಮಗು ಹೆಚ್ಚಾಗಿ ತಪ್ಪು ಓದುವುದಕ್ಕಿಂತ ತೀರಾ ನಿಧಾನ ಓದುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಏಟಿನಿಂದ ಯಾವ ಮಗುವಿಗೂ ಒತ್ತಕ್ಷರ ಬಂದಿಲ್ಲ, ಬಾಯಿಪಾಠ ಬಂದಿದೆ ಅಷ್ಟೇ. ಶಿಕ್ಷಕಿಯವರೇ, 46 ಮಕ್ಕಳ ಕಷ್ಟ ಗೊತ್ತು. ಒಂದು ಕೆಲಸ ಮಾಡಿ: ಉಕ್ತಲೇಖನದಲ್ಲಿ ಆ ಮಗುವಿಗೆ ಹತ್ತು ಪದದ ಬದಲು ನಾಲ್ಕು ಕೊಡಿ, ಕೆಂಪು ಗೀಟು ಹಾಕಬೇಡಿ. ಇದಕ್ಕೆ ಸಮಯ ಬೇಕಾಗುವುದಿಲ್ಲ.

ಹಾವೇರಿಯ ಹೈಸ್ಕೂಲ್ ಶಿಕ್ಷಕ: ನಮ್ಮ ಒಬ್ಬ ವಿದ್ಯಾರ್ಥಿನಿಗೆ ಖಾಸಗಿ ವರದಿಯಲ್ಲಿ ಡಿಸ್ಲೆಕ್ಸಿಯಾ ಅಂತ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ಏನು ಅನುಕೂಲ ಸಿಗುತ್ತದೆ?

ಮೇಡಂ: 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಖಾಸಗಿ ವರದಿ ಸಾಲದು. ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್‌ಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಓದಿ ಹೇಳುವವರು, ಬರೆಯುವವರು ಕೂಡ. ನಿಮ್ಮ ಮುಖ್ಯ ಗುರುಗಳು ಪರೀಕ್ಷಾ ಮಂಡಳಿಗೆ ಈಗಲೇ ಪತ್ರ ಬರೆಯಲಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ.

ಕಲಘಟಗಿಯ ತಂದೆ: ಪ್ರಮಾಣಪತ್ರ 2ನೇ ತರಗತಿಯ ಮಗುವಿಗೂ ಕೊಡುತ್ತಾರಾ?

ಮೇಡಂ: 8 ವರ್ಷ ತುಂಬಬೇಕು. ಕಲಿಸುವುದಕ್ಕೆ 8ರವರೆಗೆ ಕಾಯಬೇಡಿ.

ರೋಣದ ತಾಯಿ: ಮೇಡಂ, ನನ್ನ ಮಗಳಿಗೆ 7 ವರ್ಷ. ಚೆನ್ನಾಗಿ ಓದುತ್ತಿದ್ದಳು. ದೀಪಾವಳಿ ಆದ ಮೇಲೆ ಓದು ಹಿಂದೆ ಬಿತ್ತು. ಓದುವಾಗ ಪದದ ನಡುವೆ ನಿಂತುಬಿಡುತ್ತಾಳೆ. ಕಣ್ಣು ಒಂದೇ ಕಡೆ. ಆಮೇಲೆ ಏನೂ ಆಗದ ಹಾಗೆ ಮುಂದುವರಿಸುತ್ತಾಳೆ. ಟೀಚರ್ ಇವಳಿಗೆ ಗಮನ ಇಲ್ಲ, ಡಿಸ್ಲೆಕ್ಸಿಯಾ ಇರಬಹುದು ಅಂದರು. ಮೊನ್ನೆ ರೊಟ್ಟಿ ತಿನ್ನುವಾಗಲೂ ಹಾಗೇ ಆಯಿತು. ಕೈ ಬಾಯಿ ಹತ್ತಿರ ಬಂದು ನಿಂತಿತು.

ಮೇಡಂ: ಉಳಿದವರು ದಯವಿಟ್ಟು ಸ್ವಲ್ಪ ತಡೆಯಿರಿ. ರೋಣದ ಅಕ್ಕಾ, ಇದಕ್ಕೆ ಮೊದಲು ಉತ್ತರ ಕೊಡಿ. ಎಷ್ಟು ಸೆಕೆಂಡ್ ನಿಲ್ಲುತ್ತಾಳೆ? ಆಗ ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ತಿರುಗುತ್ತಾಳಾ? ರೆಪ್ಪೆ ಪಟಪಟ ಆಡುತ್ತದೆಯಾ? ದಿನಕ್ಕೆ ಎಷ್ಟು ಸಲ?

ರೋಣದ ತಾಯಿ: ಹತ್ತು ಎಣಿಸುವಷ್ಟು ಇರಬಹುದು. ಕರೆದರೆ ಕೇಳುವುದಿಲ್ಲ, ಮುಟ್ಟಿದರೂ ಇಲ್ಲ. ರೆಪ್ಪೆ ಸ್ವಲ್ಪ ಆಡುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ನಾನೇ ನೋಡಿದ್ದೇನೆ.

ಶಿಗ್ಗಾಂವಿಯ ಸದಸ್ಯೆ: ಇದು ದೃಷ್ಟಿ ತಾಗಿದ್ದು ಅಕ್ಕಾ. ನಮ್ಮ ಅಕ್ಕನ ಮಗಳಿಗೂ ಹೀಗೇ ಇತ್ತು. ಅಮಾವಾಸ್ಯೆಗೆ ಇಳಿ ತೆಗೆಸಿ, ತಾಯತ ಕಟ್ಟಿಸಿ.

ಮೇಡಂ: ಅಮಾವಾಸ್ಯೆವರೆಗೆ ಕಾಯಬೇಡಿ. ಇದು ಡಿಸ್ಲೆಕ್ಸಿಯಾ ಅಲ್ಲ. ಡಿಸ್ಲೆಕ್ಸಿಯಾ ಅಕ್ಷರ ಕಲಿಯಲು ಶುರುಮಾಡಿದಾಗಿನಿಂದ ಇರುತ್ತದೆ. ಬಂದಿದ್ದ ಓದು ಹಿಂದೆ ಹೋದರೆ ಬೇರೆ ಕಾರಣ ಹುಡುಕಲೇಬೇಕು. ನೀವು ಹೇಳಿದ್ದು ಕೇಳಿದರೆ ಒಂದು ಬಗೆಯ ಮೂರ್ಛೆ ಇರಬಹುದು ಅನ್ನಿಸುತ್ತದೆ. ಮೂರ್ಛೆ ಅಂದರೆ ಬಿದ್ದು ಒದ್ದಾಡಿ ನೊರೆ ಬರಬೇಕು ಅಂತಿಲ್ಲ. ಮಕ್ಕಳಲ್ಲಿ ಹೀಗೆ ಕೆಲವೇ ಸೆಕೆಂಡ್ ಪೂರ್ತಿ ಅರಿವು ತಪ್ಪಿ, ಮತ್ತೆ ಬರುವ ಬಗೆ ಇದೆ. ದಿನಕ್ಕೆ ಅಷ್ಟು ಸಲ ಅರಿವು ತಪ್ಪಿದರೆ ಮಗು ಪಾಠ ಹೇಗೆ ಹಿಡಿಯಬೇಕು? ಅವಳದು ಗಮನ ಇಲ್ಲದ್ದೂ ಅಲ್ಲ, ಸೋಮಾರಿತನವೂ ಅಲ್ಲ. ಬೇರೆ ಕಾರಣವೂ ಇರಬಹುದು, ಇಲ್ಲಿಂದಲೇ ಖಚಿತ ಹೇಳಲಾರೆ. ವೈದ್ಯರು ನೋಡಬೇಕು, ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುವ ಇಇಜಿ ಪರೀಕ್ಷೆ ಮಾಡಬೇಕು. ಈ ಬಗೆಯದ್ದೇ ಆಗಿದ್ದರೆ ಗುಳಿಗೆಗೆ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ, ಬಹಳ ಮಕ್ಕಳಿಗೆ ದೊಡ್ಡವರಾಗುತ್ತ ಹೋಗಿಯೂ ಬಿಡುತ್ತದೆ.

ಹುಬ್ಬಳ್ಳಿಯ ಸರ್ಕಾರಿ ಕಿಮ್ಸ್ ಆಸ್ಪತ್ರೆಯ (ಈಗಿನ ಹೆಸರು ಕೆಎಂಸಿಆರ್‌ಐ) ಮಕ್ಕಳ ವಿಭಾಗಕ್ಕೆ ಈ ವಾರವೇ ಹೋಗಿ. ಹಾಗೆ ನಿಂತಾಗ ಫೋನಿನಲ್ಲಿ ವಿಡಿಯೊ ಮಾಡಿ, ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಬಾವಿ, ಕೆರೆ, ಒಲೆ, ಮಾಳಿಗೆಯ ಅಂಚಿನ ಹತ್ತಿರ ಒಬ್ಬಳನ್ನೇ ಬಿಡಬೇಡಿ. ರಸ್ತೆಯಲ್ಲಿ ಸೈಕಲ್ ಬೇಡ. ಬಿದ್ದು ಒದ್ದಾಡಿದರೆ, ಅಥವಾ ಮಂಪರು ಬಿಡದೇ ಇದ್ದರೆ, ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಶಿಗ್ಗಾಂವಿಯ ಸದಸ್ಯೆ: ನಾವೇನು ಕೆಟ್ಟದ್ದು ಬಯಸಿ ಹೇಳಲಿಲ್ಲ. ಹಿರಿಯರು ಮಾಡಿದ್ದಕ್ಕೆ ಬೆಲೆ ಇಲ್ಲವಾ?

ಮೇಡಂ: ಇಳಿ ತೆಗೆಯಿರಿ, ಆಸ್ಪತ್ರೆಯಿಂದ ಬಂದ ಮೇಲೆ. ಅದರ ಸಲುವಾಗಿ ಒಂದು ದಿನವೂ ತಡ ಆಗಬಾರದು. ತಡವಾಗಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಹಾನಗಲ್‌ನ ಸದಸ್ಯ: ಮೇಡಂ ಎಲ್ಲದಕ್ಕೂ ಬೇಡ ಬೇಡ ಅಂತಾರೆ. ಆಯುರ್ವೇದ ಬೇಡ, ಸಂಪ್ರದಾಯ ಬೇಡ. ಬರೀ ಇಂಗ್ಲಿಷ್ ವೈದ್ಯ.

ವಿದ್ಯಾನಗರದ ತಾಯಿ: ನಿಮ್ಮ ಮಗುವಿಗೆ ಈ ತೊಂದರೆ ಇದೆಯಾ ಅಣ್ಣಾ? ಇಲ್ಲ ಅಂದರೆ ಸುಮ್ನೆ ಇರಿ.

ಹಾನಗಲ್‌ನ ಸದಸ್ಯ: ಗ್ರೂಪ್ ನಿಮ್ಮಪ್ಪನದಾ?

ಗ್ರೂಪ್ ಅಡ್ಮಿನ್: ಹಾನಗಲ್‌ನವರೇ, ಇನ್ನೊಂದು ಇಂಥ ಮಾತು ಬಂದರೆ ತೆಗೆಯುತ್ತೇನೆ.

ಮುಂಡರಗಿಯ ತಂದೆ: ಮೇಡಂ, ಇದು ತಂದೆಯಿಂದ ಮಕ್ಕಳಿಗೆ ಬರುತ್ತದಾ? ನಾನು ಈಗಲೂ ಬಸ್ಸಿನ ಬೋರ್ಡ್ ಓದುವುದಿಲ್ಲ. ಬಣ್ಣ, ನಿಲ್ಲುವ ಜಾಗ ನೋಡಿ ಹತ್ತುತ್ತೇನೆ. ಈ ಮೆಸೇಜ್ ಕೂಡ ಮಗಳ ಕೈಲಿ ಟೈಪ್ ಮಾಡಿಸಿದ್ದೇನೆ. ಮಗನದೂ ನನ್ನ ಹಾಗೇ ಆಗಿದೆ.

ಬ್ಯಾಡಗಿಯ ತಾಯಿ: ಇಂಗ್ಲಿಷ್ ಮೀಡಿಯಂನಿಂದ ಕನ್ನಡ ಮೀಡಿಯಂಗೆ ಹಾಕಿದರೆ ಅನುಕೂಲ ಆಗುತ್ತದಾ? ಮನೆಯವರು ಒಪ್ಪುತ್ತಿಲ್ಲ.

ಸವಣೂರಿನ ತಂದೆ: ಔಷಧಿ ಇದೆಯಾ ಮೇಡಂ?

ಮೇಡಂ: ಮೇಲೆ ಓದಿ.

ಸವಣೂರಿನ ತಂದೆ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಮೇಡಂ: ಇನ್ಬಾಕ್ಸ್ ಸೇರಿ ಮೂರು ಗಂಟೆಯಲ್ಲಿ ಇದು ಐದನೇ ಸಲ. ಇಲ್ಲ ಅಂತ ಎಷ್ಟು ಸಲ ಬರೆಯಲಿ? ಮುಂಡರಗಿಯವರೇ, ಹೌದು, ಮನೆತನದಲ್ಲಿ ಬರುತ್ತದೆ. ನಿಮ್ಮ ತಪ್ಪಲ್ಲ. ಮಗನ ಜೊತೆ ನೀವೂ ಬನ್ನಿ, ದೊಡ್ಡವರೂ ಕಲಿಯಬಹುದು.

ಗ್ರೂಪ್ ಅಡ್ಮಿನ್: 7 ಗಂಟೆ ಆಯಿತು. ಉಳಿದ ಪ್ರಶ್ನೆಗಳು ಮುಂದಿನ ಸಲಕ್ಕೆ. ಇನ್ನು ಬರೆಯಬೇಡಿ.

ಬ್ಯಾಡಗಿಯ ತಾಯಿ: ನನ್ನದಕ್ಕೆ ಉತ್ತರ ಬರಲಿಲ್ಲ.

ರೋಣದ ತಾಯಿ: ಮೇಡಂ, ಈಗಷ್ಟೇ ಒಂದು ವಿಡಿಯೊ ಸಿಕ್ಕಿತು. ನಾಳೆ ಬೆಳಗಿನ ಬಸ್ಸಿಗೇ ಹುಬ್ಬಳ್ಳಿಗೆ ಹೊರಡುತ್ತೇವೆ. ಮಗುವಿಗೆ ಏನಾದರೂ ತಯಾರಿ ಬೇಕಾ?

ಮೇಡಂ: ತಲೆ ತೊಳೆದು ಕರೆದುಕೊಂಡು ಹೋಗಿ. ಎಣ್ಣೆ ಹಚ್ಚಬೇಡಿ, ಇಇಜಿ ತಂತಿ ಅಂಟುವುದಿಲ್ಲ. ಚುಚ್ಚುವುದಿಲ್ಲ ಅಂತ ಮಗುವಿಗೆ ಮೊದಲೇ ಹೇಳಿ.

ರೋಣದ ತಾಯಿ: ಸಂಜೆಯೇ ಎಣ್ಣೆ ಹಚ್ಚಿ ಹೆರಳು ಹಾಕಿಬಿಟ್ಟೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೀಗೆಕಾಯಿ ಹಾಕಿ ತೊಳೆಯುತ್ತೇನೆ.