ಕ್ಲಚ್ ಪ್ಲೇಟ್ ಹಾಕ್ಸಿದ ಮೇಲೆ 407 ಸ್ಟಾರ್ಟೇ ಆಗ್ತಿಲ್ಲ, ನಿಮ್ಗ್ಯಾರಿಗಾದ್ರೂ ಹೀಗಾಗಿತ್ತಾ?

ನಮ್ದು 1998ರ ಟಾಟಾ 407, ಕೋಲಾರ ಮಂಡಿಗೆ ಟೊಮೇಟೊ ಹೊಡಿಯೋ ಗಾಡಿ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕ್ಸಿದ್ವಿ, ಜೊತೆಗೇ ಡೀಸೆಲ್ ಫಿಲ್ಟರ್ರೂ ಚೇಂಜ್ ಮಾಡಿದ್ರು. ಮುಂಚೆ ಒಂದೇ ಸೆಲ್ಫ್‌ಗೆ (ಇಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟಾರು) ಸ್ಟಾರ್ಟ್ ಆಗ್ತಿದ್ದ ಗಾಡಿ ಈಗ ನಿಧಾನಕ್ಕೆ ಗರ್ ಗರ್ ಅಂತ ತಿರುಗುತ್ತೆ ಅಷ್ಟೆ. ಬ್ಯಾಟರಿ ಹೊಸದು. ಡೀಸೆಲ್ ಪಂಪ್ ಬಿಚ್ಬೇಕು ಅಂತಿದ್ದಾರೆ ಮೆಕ್ಯಾನಿಕ್ಕು. ಇತ್ತ ತೋಟದಲ್ಲಿ ಹಣ್ಣು ಕೆಂಪಾಗ್ತಿದೆ, ಬಾಡಿಗೆ ಗಾಡಿ ಎಷ್ಟು ದಿನ ಅಂತ ಮಾಡೋದು, ಗೊತ್ತಿರೋರು ಹೇಳಿ.

ಹಾಸನದಿಂದ:
ಅಣ್ಣ, ಪಂಪಿಗೆ ಕೈ ಹಾಕೋಕೆ ಮಾತ್ರ ಬಿಡ್ಬೇಡಿ. ಗ್ಯಾರೇಜಿಗೆ ಹೋಗೋವಾಗ ಚೆನ್ನಾಗಿದ್ದ ಪಂಪು ಮುಟ್ಟದೇ ಹಾಳಾಗುತ್ತಾ? ಅವರು ಏನೇನು ಬಿಚ್ಚಿದ್ರೋ ಅದನ್ನೇ ಮೊದಲು ನೋಡಿ. ಒಬ್ರು ಸೆಲ್ಫ್ ಹೊಡೀಲಿ, ನೀವು ಹಿಂದೆ ಸೈಲೆನ್ಸರ್ ಹತ್ರ ನಿಂತ್ಕೊಳ್ಳಿ. ಹೊಗೆನೇ ಬರ್ತಿಲ್ಲ ಅಂದ್ರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ನಾಜಲ್‌ಗೆ ಡೀಸೆಲ್ ಹೋಗ್ತಿಲ್ಲ. ಬಿಳಿ ಹೊಗೆ ಬಂದ್ರೆ ಡೀಸೆಲ್ ಹೋಗ್ತಿದೆ, ಉರೀತಿಲ್ಲ, ಆಗ ತಿರುಗೋ ಸ್ಪೀಡು, ಕಂಪ್ರೆಷನ್ನು, ಟೈಮಿಂಗು ಇವನ್ನ ಯೋಚ್ನೆ ಮಾಡ್ಬೇಕು. ಇಂಜಿನ್ ಆಫ್ ಮಾಡೋ ಸ್ಟಾಪ್ ಕೇಬಲ್ ಎಳ್ದೇ ಇದೆಯಾ ಅಂತಾನೂ ನೋಡಿ. ನಮ್ಮ ಗಾಡೀಲಿ ಪಂಪ್ ಮೇಲಿನ ಲಿವರ್ ಆಫ್ ಕಡೆಗೇ ಸಿಕ್ಕಾಕ್ಕೊಂಡು ಅರ್ಧ ದಿನ ಹಾಳಾಯ್ತು, ಬೆರಳಲ್ಲಿ ತಳ್ಳಿದ ತಕ್ಷಣ ಸ್ಟಾರ್ಟ್.

ಹುಬ್ಬಳ್ಳಿ ಕಡೆಯಿಂದ:
ನಿಧಾನಕ್ಕ ತಿರಗತೈತಿ ಅಂದ್ರಿ, ಗೇರ್‌ಬಾಕ್ಸ್ ಇಳಿಸ್ಯಾರ ಅಂದ್ರಿ, ನನಗ ಅರ್ಥಿಂಗ್ (ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ) ಮ್ಯಾಲೇ ಡೌಟ್ ನೋಡ್ರಿ. ಚಾಸಿಯಿಂದ ಗೇರ್‌ಬಾಕ್ಸಿಗೆ ಒಂದು ಹೆಣೆದ ಪಟ್ಟಿ ಇರತೈತಿ, ಅದನ್ನ ವಾಪಸ್ ಹಾಕೋದು ಮರೀತಾರ, ಇಲ್ಲಾ ತುಕ್ಕಿನ ಮ್ಯಾಲೇ ಬಿಗೀತಾರ. ನಮ್ಮ ಲಾರಿಗೆ ಹಂಗ ಆದಾಗ ಕರೆಂಟು ಬ್ಯಾರೆ ದಾರಿ ಹಿಡದು ಸ್ಟಾಪ್ ಕೇಬಲ್ ಕೈ ಸುಡೋ ಹಂಗ ಕಾದಿತ್ತು. ವೋಲ್ಟ್ ನೋಡೋ ಮೀಟರ್ ಇದ್ರ ಒಂದು ವೈರ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡದು ಸೆಲ್ಫ್ ಹೊಡೀರಿ, ಅರ್ಧ ವೋಲ್ಟ್ ದಾಟಿದ್ರ ಅರ್ಥಿಂಗ್ ಸರಿ ಇಲ್ಲ. ಮೀಟರ್ ಇಲ್ಲಂದ್ರ ದಪ್ಪ ಜಂಪರ್ ಕೇಬಲ್ ಒಂದು ಮೈನಸ್ಸಿಂದ ಸೀದಾ ಇಂಜಿನ್ನಿಗೆ ಹಚ್ರಿ, ಫಾಸ್ಟ್ ತಿರಗಿದ್ರ ಗೊತ್ತಾತಲ್ರಿ. ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹಿಡೀಬ್ಯಾಡ್ರಿ, ಮೋಟಾರ್ ಆರಾಕ ಬಿಡ್ರಿ.

ಮಂಡ್ಯದಿಂದ:
ಫಿಲ್ಟರ್ ಚೇಂಜ್ ಆಗಿದೆ ಅಂದ್ಮೇಲೆ ಡೀಸೆಲ್ ಲೈನಲ್ಲಿ ಏರ್ ಹಿಡ್ಕೊಂಡಿರೋದೂ ಗ್ಯಾರಂಟಿ ಅಂದ್ಕೊಳಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಡೀಸೆಲ್ ತಳ್ಳೋ ಚಿಕ್ಕ ಪಂಪು) ಒತ್ತುತಾ ಇರಿ, ಮೊದ್ಲು ನೊರೆ ಬರುತ್ತೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ, ಆಮೇಲೆ ಪಂಪ್ ಮೇಲಿನದ್ದೂ ಹಂಗೇ. ಎಷ್ಟು ಒತ್ತಿದ್ರೂ ಗುಳ್ಳೆ ನಿಲ್ತಿಲ್ಲ ಅಂದ್ರೆ ಎಲ್ಲೋ ಗಾಳಿ ಎಳೀತಿದೆ, ಪೈಪ್ ಬೋಲ್ಟಿನ ತಾಮ್ರದ ವಾಷರ್ ನೋಡಿ, ಹಳೇದನ್ನೇ ಹಾಕಿರ್ತಾರೆ. ನಾಜಲ್ ಪೈಪ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯೋದಾದ್ರೆ ಕೈ ದೂರ ಇರ್ಲಿ, ಆ ಪ್ರೆಷರ್ರಿಗೆ ಡೀಸೆಲ್ ಚರ್ಮದ ಒಳಗೇ ನುಗ್ಗುತ್ತೆ, ಹಂಗೇನಾದ್ರೂ ಆದ್ರೆ ನೋವಿಲ್ಲ ಅಂತ ಸುಮ್ನಿರದೆ ಆಸ್ಪತ್ರೆಗೆ ಓಡ್ಬೇಕು. ಏರ್ ಕ್ಲೀನರ್ ಹತ್ರ ಪೆಟ್ರೋಲ್ ಬಟ್ಟೆ ಹಿಡಿಯೋಣ ಅಂತ ಯಾರಾದ್ರೂ ಬಂದ್ರೆ ದಯವಿಟ್ಟು ಒಪ್ಕೋಬೇಡಿ.

ಕೇಳಿದವರಿಂದ, ಮಾರನೇ ದಿನ:
ಎಲ್ರಿಗೂ ತುಂಬಾ ಥ್ಯಾಂಕ್ಸ್ ಅಣ್ಣಂದಿರಾ. ಹೊಗೆ ಒಂಚೂರೂ ಇರ್ಲಿಲ್ಲ. ಗಾಡಿ ಕೆಳಗೆ ಮಲಗಿ ನೋಡಿದ್ರೆ ಅರ್ಥಿಂಗ್ ಪಟ್ಟಿ ಒಂದು ಕಡೆ ಬೋಲ್ಟ್ ಇಲ್ದೆ ನೇತಾಡ್ತಿತ್ತು. ಎಮರಿ ಪೇಪರಲ್ಲಿ ಜಾಗ ಬೆಳ್ಳಗಾಗೋವರ್ಗೂ ಉಜ್ಜಿ ಬಿಗಿ ಮಾಡಿದೆ, ಸೆಲ್ಫ್ ಮುಂಚಿನ ಥರಾನೇ ತಿರುಗ್ತು, ಆದ್ರೂ ಸ್ಟಾರ್ಟ್ ಆಗ್ಲಿಲ್ಲ. ಏರ್ ತೆಗೆಯೋಕೆ ಹೋದ್ರೆ ಗುಳ್ಳೆ ನಿಲ್ಲೋದೇ ಇಲ್ಲ, ಫಿಲ್ಟರಿಗೆ ಬರೋ ಪೈಪಿನ ವಾಷರ್ ಒಂದು ಕಡೆ ಸೀಳಿತ್ತು. ಹೊಸ ವಾಷರ್ ಹಾಕಿ ಪ್ರೈಮರ್ ಒತ್ತಿ ಒತ್ತಿ ಹೆಬ್ಬೆಟ್ಟು ಕೆಂಪಾಯ್ತು, ಮೂರನೇ ಸೆಲ್ಫಿಗೆ ಒಂದ್ಸಲ ಕೆಮ್ಮಿ ಸ್ಟಾರ್ಟ್ ಆಯ್ತು. ಪಂಪ್ ಬಿಚ್ಚಲೇ ಇಲ್ಲ. ಇವತ್ತು ಬೆಳಗ್ಗೆ ಒಂದು ಲೋಡ್ ಮಂಡಿಗೆ ಹೋಯ್ತು.