ಸಹಾಯ ಬೇಕು: ಗ್ರಾಹಕರ ದಾಖಲೆ ಹೊರಗೆ ಹೋಗುತ್ತಿದೆ, ಯಾರಿಗೆ ತಿಳಿಸಲಿ?

ಎಲ್ಲರಿಗೂ ನಮಸ್ಕಾರ. ಕುಂಬಳೆ ಕಡೆಯ ಒಂದು ಚಿನ್ನದ ಸಾಲದ ಸಂಸ್ಥೆಯಲ್ಲಿ ನನಗೆ ಕೆಲಸ.

ನಮ್ಮ ಶಾಖೆಯ ಒಬ್ಬ ಸಹೋದ್ಯೋಗಿ ಸಂಜೆ ಶಟರ್ ಎಳೆದ ಮೇಲೂ ಉಳಿದುಕೊಂಡು, ಕೆಲಸ ಬಿಟ್ಟುಹೋದವರ ಲಾಗಿನ್‌ನಲ್ಲಿ ಕಂಪ್ಯೂಟರ್ ತೆರೆಯುತ್ತಾನೆ. ಆ ಲಾಗಿನ್ ಇನ್ನೂ ರದ್ದಾಗದಿರುವುದೇ ದೊಡ್ಡ ಲೋಪ. ಅಡವಿಟ್ಟವರ ಆಧಾರ್ ಪ್ರತಿಗಳನ್ನು ಕೌಂಟರಿನ ಕೆಳಗೆ ಹಿಡಿದು ತನ್ನ ಮೊಬೈಲಿನಲ್ಲಿ ಫೋಟೋ ತೆಗೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬೀಡಿ ಕಟ್ಟಿ ಮಾಡಿಸಿಕೊಂಡ ಸರವನ್ನು ನಮ್ಮನ್ನು ನಂಬಿ ಇಟ್ಟ ಹೆಂಗಸರ ದಾಖಲೆಗಳು ಅವು. ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಮ್ಯಾನೇಜರರಿಗೆ ಹೇಳಿದೆ. "ಅವನು ನಂಬಿಕಸ್ಥ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ" ಎಂದರು. ಮುಖ್ಯ ಕಚೇರಿಗೆ ಬರೆದ ದೂರು ವಿಚಾರಣೆಗೆಂದು ಮರಳಿ ಅವರ ಕೈಗೇ ಬಂತು. ಸೈಬರ್ ವಂಚನೆಯ 1930 ಸಹಾಯವಾಣಿ ಮುಖ್ಯವಾಗಿ ಹಣ ಕಳೆದುಕೊಂಡವರಿಗೆ; ಇಲ್ಲಿ ಯಾರ ಹಣವೂ ಹೋದಂತೆ ಕಾಣುವುದಿಲ್ಲ. ಸೈಬರ್ ಘಟನೆಯನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನವೇನೋ ಇದೆ, ಆದರೆ ಆ ಹೊಣೆ ಸಂಸ್ಥೆಯದು.

ನಾನು ಸಿಕ್ಕಿಹಾಕಿಕೊಂಡಿರುವುದು ಸಾಕ್ಷ್ಯದ ವಿಷಯದಲ್ಲಿ. ಅನುಮತಿಯಿಲ್ಲದೆ ಮಾಹಿತಿ ನಕಲು ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿನಡಿ ಬರುತ್ತದೆ. ಪರದೆಯ ಫೋಟೋ ತೆಗೆದರೆ ನಾನೂ ಅದರಡಿಯೇ ಬೀಳುತ್ತೇನೆಯೇ ಎಂಬ ಭಯ.

ಬ್ಯಾಂಕಿನಲ್ಲಿರುವವರು, ವಕೀಲರು ದಯವಿಟ್ಟು ತಿಳಿಸಿ: ದಿನಾಂಕ, ಸಮಯ, ಕಂಡದ್ದು ಇಷ್ಟನ್ನೇ ಬರೆದು ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೆ ಕನ್ನಡದಲ್ಲಿ ದೂರು ಕೊಟ್ಟರೆ ಸಾಕೇ? ಅಥವಾ ಮ್ಯಾನೇಜರರನ್ನು ದಾಟಿ ಸಂಸ್ಥೆಯ ಆಂತರಿಕ ಲೆಕ್ಕಪರಿಶೋಧಕರಿಗೆ ಮೊದಲು ಬರೆಯಬೇಕೇ?