ಎರಡು ಅಡಿ ಟ್ಯಾಂಕಿಗೆ ಯಾವ ಮೀನು? ಸಾಕಿದವರು ಅನುಭವ ಹೇಳಿ

ಹೊಸಂಗಡಿಯಿಂದ ಪ್ರಶ್ನೆ:
ಮಗಳ ಹಟಕ್ಕೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದಿದ್ದೇನೆ. ನಮ್ಮದು ಬಾವಿ ನೀರು. ಗಪ್ಪಿ, ಒಂದು ಜೋಡಿ ಏಂಜಲ್, ಒಂದು ಫೈಟರ್, ಪಾಚಿ ತಿನ್ನಲಿಕ್ಕೆ ಒಂದು ಸಕ್ಕರ್. ಇಷ್ಟನ್ನು ಒಟ್ಟಿಗೆ ಹಾಕಬಹುದಾ?

ಬದಿಯಡ್ಕದವರು:
ಗಪ್ಪಿ ಅಂತ ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಳೆದ ಜೂನ್‌ನಲ್ಲಿ 12 ಜೋಡಿ ತಂದೆ. ಜೋಡಿಗೆ 60ರಂತೆ 720 ರೂಪಾಯಿ. ಬಸ್ಸಿನಲ್ಲಿ ಕವರನ್ನು ಮಡಿಲಲ್ಲಿಟ್ಟುಕೊಂಡು ಬಂದದ್ದು, ಮಗುವಿನ ಹಾಗೆ. ನಾಲ್ಕನೇ ದಿನ ಬಾಲ ಮುದುಡಿಕೊಂಡು ನಿಂತಲ್ಲೇ ನಡುಗಲಿಕ್ಕೆ ಶುರು. ಅಂಗಡಿಯವರು ನೀಲಿ ಔಷಧಿ ಕೊಟ್ಟರು, 90. ಆಗಲಿಲ್ಲ ಅಂತ ಹಳದಿ ಔಷಧಿ, 140. ಚಳಿ ಇರಬೇಕು ಅಂತ ಹೀಟರ್, 450. ಎರಡು ವಾರದಲ್ಲಿ 24ರಲ್ಲಿ ಉಳಿದದ್ದು 3. ಕೊನೆಗೆ 250 ಕೊಟ್ಟು ನೀರಿನ ಹುಳಿ ಅಳೆಯುವ ಪಿಎಚ್ ಕಿಟ್ ತಂದು ನೋಡಿದರೆ 5.5! ಮುರಕಲ್ಲಿನ ಬಾವಿ ಅಲ್ವಾ, ನೀರು ಹುಳಿ. ಗಪ್ಪಿ, ಮೋಲಿಯಂಥ ಮೀನಿಗೆ 7ರ ಮೇಲಿನ ಗಡಸು ನೀರು ಬೇಕು. ಬಸ್ಸಿನ ಚಾರ್ಜ್ ಬಿಟ್ಟು 1,650 ರೂಪಾಯಿ ಹೋದ ಮೇಲೆ ಗೊತ್ತಾಯಿತು. ಮತ್ತೆ ಹುಳಿ ಇಳಿಯಲಿ ಅಂತ ಮರುವಾಯಿ ಚಿಪ್ಪು ಕುದಿಸಿ, ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಳಿಬಿಟ್ಟೆ. ನಿಧಾನಕ್ಕೆ 7ಕ್ಕೆ ಬಂತು. ಆ ಮೂರರ ಮರಿಗಳು ಈಗ ಲೆಕ್ಕಕ್ಕೆ ಸಿಗುವುದಿಲ್ಲ. ಬೇಕಾದವರು ಬಂದು ಕೊಂಡುಹೋಗಿ.

ಕುಂಬಳೆಯವರು:
ಸುಮ್ನೆ ಪಿಎಚ್, ಚಿಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಟೈಗರ್ ಬಾರ್ಬ್‌ಗಳಿಗೆ ಮೂರು ವರ್ಷ ಆಯಿತು, ಅದೇ ಬಾವಿ ನೀರು. ಆದರೆ ಎರಡೇ ಎರಡು ಹಾಕಬೇಡಿ. ನಾನು ಮೊದಲು ಎರಡು ಬಾರ್ಬ್ ಜೊತೆ ಒಂದು ಏಂಜಲ್ ಹಾಕಿದ್ದೆ. ಬೆಳಗ್ಗೆ ನೋಡುವಾಗ ಏಂಜಲಿನ ಹೊಟ್ಟೆ ಕೆಳಗಿನ ಉದ್ದ ಎಳೆ ಎರಡೂ ಇಲ್ಲ. ಬಾರ್ಬ್ ಎಂಟು ಮಾಡಿದೆ. ಈಗ ಅವುಗಳೊಳಗೇ ಜಗಳ, ಬೇರೆಯವರ ತಂಟೆಗಿಲ್ಲ.

ನಿಜವಾದ ಕಷ್ಟ ಕರೆಂಟಿನದ್ದು ಮಾರಾಯ್ರೆ. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು 19 ಗಂಟೆ ಕರೆಂಟಿಲ್ಲ. ನಾನು, ಹೆಂಡತಿ ಸರದಿಯಲ್ಲಿ ಎದ್ದು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದದ್ದು, ಗಾಳಿ ಸೇರಲಿ ಅಂತ. ಮರುದಿನವೇ ಬ್ಯಾಟರಿ ಪಂಪ್ ತಂದೆ, 380.

ಬದಿಯಡ್ಕದವರೇ, ನಿಮ್ಮ ಮೀನು ಸತ್ತದ್ದು ಹೊಸ ಟ್ಯಾಂಕಿಗೆ ಒಂದೇ ದಿನ 24 ಸುರಿದದ್ದಕ್ಕೆ. ಟ್ಯಾಂಕಿನ ನೀರು ಮೀನಿಗೆ ಹದವಾಗಿ ಪಳಗಲಿಕ್ಕೆ ಒಂದು ತಿಂಗಳಾದರೂ ಬೇಡ್ವಾ?

ಬದಿಯಡ್ಕದವರು:
ಪಳಗಿದ ಟ್ಯಾಂಕೇ ಅದು. ಒಂದು ವರ್ಷ ಅದರಲ್ಲಿ ಗೋಲ್ಡ್ ಫಿಶ್ ಇತ್ತು. ಸರಿಯಾಗಿ ಓದಿ ಮಾತಾಡಿ.

ಕುಂಬಳೆಯವರು:
ಅದನ್ನು ನೀವು ಬರೆಯಲೇ ಇಲ್ಲ. ಎಲ್ಲಿಂದ ಓದುವುದು?

ಪೆರ್ಲದವರು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಬಾವಿಗಿಂತಲೂ ಮೆದು. ಚಿಪ್ಪು ಗಿಪ್ಪು ಏನೂ ಹಾಕಲಿಲ್ಲ. ನಿಯಾನ್ ಟೆಟ್ರಾಗೆ ಅಂಥದ್ದೇ ನೀರು ಬೇಕು. 10 ತಂದಿದ್ದೆ, ಒಂದೂ ಸಾಯಲಿಲ್ಲ. ಅಷ್ಟರಲ್ಲಿ ಭಾವ ಒಂದು ಏಂಜಲ್ ತಂದು ಕೊಟ್ಟರು, ಎಂಟಾಣೆ ನಾಣ್ಯದಷ್ಟು. ಕೆಲವೇ ತಿಂಗಳಲ್ಲಿ ಅಂಗೈಯಷ್ಟಾಯಿತು. ಒಂದು ದಿನ ಎಣಿಸಿದರೆ ನಿಯಾನ್ 9. ಮತ್ತೊಂದು ದಿನ 7. ಫಿಲ್ಟರ್ ಬಿಚ್ಚಿ ನೋಡಿದೆ, ಟ್ಯಾಂಕಿನ ಹಿಂದೆ ಟಾರ್ಚ್ ಹಾಕಿ ಹುಡುಕಿದೆ. ಆಮೇಲೆ ಒಂದು ಬೆಳಗ್ಗೆ ಲೈಟ್ ಹಾಕುವಾಗ ಏಂಜಲಿನ ಬಾಯಿಂದ ಕೆಂಪು ಬಾಲದ ತುದಿ ಹೊರಗೆ ಕಾಣುತ್ತಿತ್ತು. ಭಾವನಿಗೆ ಇನ್ನೂ ಹೇಳಲಿಲ್ಲ.

ಮುಳ್ಳೇರಿಯದವರು:
ಸಕ್ಕರ್ ಮಾತ್ರ ಬೇಡ. ನನ್ನದು ಎರಡಿಂಚು ಇದ್ದದ್ದು ಒಂದಡಿ ದಾಟಿತು. ಪಾಚಿಯನ್ನು ಮೂಸಿಯೂ ನೋಡುವುದಿಲ್ಲ. ರಾತ್ರಿಯೆಲ್ಲ ಜಲ್ಲಿ ಕೆದಕುವ ಸದ್ದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಮಳೆಗಾಲದಲ್ಲಿ ಹೊಳೆಗೆ ಬಿಟ್ಟೆ.

ಪೆರ್ಲದವರು:
ಹೊಳೆಗೆ ಬಿಟ್ಟಿರಾ?! ಅದು ದಕ್ಷಿಣ ಅಮೆರಿಕದ ಮೀನು. ಇಲ್ಲಿ ಮರಿ ಮಾಡಿದರೆ ನಮ್ಮ ಹೊಳೆಯ ಮೀನುಗಳ ಗತಿ? ಬರೆಯಲಿಕ್ಕೆ ನಾಚಿಕೆ ಆಗಲಿಲ್ವಾ?

ಮುಳ್ಳೇರಿಯದವರು:
ಕೊಲ್ಲಲಿಕ್ಕೆ ಮನಸ್ಸು ಬರಲಿಲ್ಲ. ನೀವಾಗಿದ್ದರೆ ಪದಾರ್ಥ ಮಾಡಿ ತಿನ್ನುತ್ತಿದ್ದಿರಾ? ಹೊಳೆಯ ಮೀನಿನ ಮೇಲೆ ಅಷ್ಟು ಪ್ರೀತಿ ಇದ್ದರೆ ನಮ್ಮ ಪಯಸ್ವಿನಿ ಹೊಳೆಯ ಮಿಸ್ ಕೇರಳ ಮೀನನ್ನೇ ಸಾಕಿ. ಕೆಂಪು ಗೀಟು, ಕಪ್ಪು ಗೀಟು, ನೋಡಲಿಕ್ಕೆ ಚಂದ.

ಪೆರ್ಲದವರು:
ಅದು ಅಳಿಯುತ್ತಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಅಪಾಯದ ಪಟ್ಟಿಯಲ್ಲಿದೆ. ಅಕ್ವೇರಿಯಂಗೆ ಅಂತ ಹಿಡಿದು ಹಿಡಿದೇ ಆ ಗತಿ ಬಂದದ್ದು. ಗುಂಪಿನಲ್ಲಿರಬೇಕು, ಹರಿಯುವ ನೀರು ಬೇಕು, ಮುಚ್ಚಳ ಇಲ್ಲದಿದ್ದರೆ ಹಾರಿ ನೆಲಕ್ಕೆ ಬೀಳುತ್ತದೆ. ಅಂಚಿನವರೆಗೆ ತುಂಬಿಸಿದರೂ 56 ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಅದನ್ನು ಸಾಕುವುದಾ?

ಕುಂಬಳೆಯವರು:
ಅದಿರಲಿ, ಹೊಳೆ ಹುಟ್ಟುವುದು ಕೊಡಗಿನಲ್ಲಿ, ಸುಳ್ಯ ದಾಟಿ ಇಲ್ಲಿಗೆ ಬರುವುದು. ಮೀನಿಗೆ ಮಾತ್ರ ಮಿಸ್ ಕೇರಳ ಅಂತ ಹೆಸರು ಯಾಕೆ?

ಮುಳ್ಳೇರಿಯದವರು:
1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸುವಾಗ ನಮ್ಮನ್ನು ಕೇಳಿದರಾ, ಮೀನನ್ನು ಕೇಳಲಿಕ್ಕೆ?

ಹೊಸಂಗಡಿಯಿಂದ:
ದಯವಿಟ್ಟು ಯಾರಾದರೂ ಫೈಟರ್ ವಿಷಯ ಹೇಳಿ. ಮಗಳು ಶಾಲೆಯಿಂದ ಬರುವ ಹೊತ್ತಾಯಿತು.

ಕುಂಬಳೆಯವರು:
ಗಪ್ಪಿಯ ದೊಡ್ಡ ಬಾಲ ಕಂಡರೆ ಇನ್ನೊಂದು ಫೈಟರ್ ಅಂತ ಮೈಮೇಲೆ ಬೀಳುತ್ತದೆ. ಒಂದೇ ಇಡಿ, ಬೇರೆ ಟ್ಯಾಂಕಿನಲ್ಲಿ. ಬದಿಯಡ್ಕದವರೇ, ಒಂದು ವರ್ಷ ಇದ್ದ ಆ ಗೋಲ್ಡ್ ಫಿಶ್ ಏನಾಯಿತು?

ಬದಿಯಡ್ಕದವರು:
ಟ್ಯಾಂಕ್ ತೊಳೆಯುವಾಗ ಬಕೆಟಿನಲ್ಲಿ ಹಾಕಿ ಅಂಗಳದಲ್ಲಿಟ್ಟಿದ್ದೆ. ಕಾಗೆ ಕೊಂಡುಹೋಯಿತು. 350 ರೂಪಾಯಿಯ ಮೀನು.